ನೀವು ಹೊಸಬರಾ, ಹಳಬರಾ?

ಅಮ್ಮನ ಫೋನನ್ನು ಸರಳ ಮಾಡಲು ಹೋಗಿ ಬೈಸಿಕೊಂಡೆ. ‘ಅಕ್ಷರ ದೊಡ್ಡದು ಮಾಡು ಅಂದ್ರೆ, ಅರ್ಧ ಐಕಾನ್ ಎಲ್ಲಿ ಬಚ್ಚಿಟ್ಯೋ?’ ನನಗಿಂತ ಮೊದಲೇ ದೊಡ್ಡದೊಡ್ಡವರು ಇಲ್ಲಿ ಎಡವಿದ್ದಾರೆ.

1984ರಲ್ಲಿ ಐಬಿಎಂನ ಜಾನ್ ಕ್ಯಾರಲ್ ಮತ್ತು ಕ್ಯಾರೊಲಿನ್ ಕ್ಯಾರಿದರ್ಸ್ ಒಂದು ಪ್ರಯೋಗ ಮಾಡಿದರು. ವರ್ಡ್ ಪ್ರೊಸೆಸರ್‌ನಲ್ಲಿ ಹೊಸಬರು ಸಿಕ್ಕಿಬೀಳುವ ಆಯ್ಕೆಗಳನ್ನು ಮೆನುವಿನಲ್ಲಿ ಹಾಗೇ ಬಿಟ್ಟರು. ಒತ್ತಿದರೆ ಮಾತ್ರ ‘ಇದು ಸದ್ಯಕ್ಕಿಲ್ಲ’ ಎಂಬ ಉತ್ತರ. ಮಕ್ಕಳ ಸೈಕಲ್ಲಿನ ಪುಟ್ಟ ಚಕ್ರಗಳ ಹಾಗೆ. ಜನ ಬೇಗ ಕಲಿತರು.

ಆಫೀಸ್ 2000 ಇನ್ನೂ ಮುಂದೆ ಹೋಯಿತು. ನೀವು ಬಳಸದ ಆಯ್ಕೆಗಳನ್ನು ತಾನೇ ಊಹಿಸಿ ಮರೆಮಾಡಿತು. ಡಬ್ಬಿಗಳು ದಿನಾ ಜಾಗ ಬದಲಿಸಿದರೆ ಅಡುಗೆಮನೆ ಯಾರಿಗೆ ತಾನೇ ಪಳಗುತ್ತೆ? ಆಫೀಸ್ 2007ರ ವರ್ಡ್, ಎಕ್ಸೆಲ್‌ಗಳಲ್ಲಿ ಆ ಮೆನುಗಳ ಜಾಗಕ್ಕೆ ರಿಬ್ಬನ್ ಬಂತು.

2001ರಲ್ಲಿ ಲಿನಕ್ಸ್‌ನ ಫೈಲ್ ಮ್ಯಾನೇಜರ್ ನಾಟಿಲಸ್ ಬಳಕೆದಾರರನ್ನೇ ಕೇಳಿತು: ಹೊಸಬರಾ, ಮಧ್ಯಮರಾ, ಪರಿಣತರಾ? ಮರುವರ್ಷ ಗ್ನೋಮ್ 2 ಬರುವಾಗ ಆ ಪ್ರಶ್ನೆಯೇ ಮಾಯ.

ಯಾಕಂದ್ರೆ ಯಾರೂ ಎಲ್ಲದರಲ್ಲೂ ಒಂದೇ ಮಟ್ಟದಲ್ಲಿರೋಲ್ಲ. ಅಮ್ಮ ಯುಪಿಐನಲ್ಲಿ ಪಂಟರ್, ಬ್ಲೂಟೂತ್‌ನಲ್ಲಿ ಹೊಸಬಳು. ಅವಳು ಯಾವ ಮಟ್ಟ ಅಂತ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಐಕಾನ್‌ಗಳನ್ನು ಅವವೇ ಜಾಗದಲ್ಲಿ ವಾಪಸ್ ಇಟ್ಟೆ. ಅಕ್ಷರವನ್ನಷ್ಟೇ ದೊಡ್ಡದು ಮಾಡಿದೆ.