ಇಂಗಾಲದ ಡೈಆಕ್ಸೈಡ್ ವಿಶ್ಲೇಷಕದ ಮಾಪನಾಂಕ ನಿರ್ಣಯ

ಇಂಗಾಲದ ಡೈಆಕ್ಸೈಡ್ ವಿಶ್ಲೇಷಕವು ಗಾಳಿಯಲ್ಲಿ ಅಥವಾ ಬೇರೆ ಅನಿಲ ಮಿಶ್ರಣದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದು ಅಳೆಯುವ ಉಪಕರಣ. ಪ್ರಮಾಣ ತಿಳಿದಿರುವ ಅನಿಲವನ್ನು ಅದರೊಳಗೆ ಹರಿಸಿ, ಅದು ತೋರಿಸುವ ಅಂಕಿಯನ್ನು ನಿಜವಾದ ಅಂಕಿಯೊಡನೆ ಹೋಲಿಸಿ ಸರಿಪಡಿಸುವ ಕ್ರಿಯೆಗೆ ಮಾಪನಾಂಕ ನಿರ್ಣಯ ಅಥವಾ ಕ್ಯಾಲಿಬ್ರೇಷನ್ ಎಂದು ಹೆಸರು. ವಾತಾವರಣದಲ್ಲಿ ಈ ಅನಿಲವು ಈಗ ವರ್ಷಕ್ಕೆ ಸುಮಾರು 2ರಿಂದ 3 ಪಿಪಿಎಂನಷ್ಟು (ದಶಲಕ್ಷದಲ್ಲಿ 2ರಿಂದ 3 ಭಾಗ) ಹೆಚ್ಚುತ್ತಿದೆ. ಉಪಕರಣವೇ ವರ್ಷಕ್ಕೆ ಅಷ್ಟು ತಪ್ಪಿದರೆ, ಬದಲಾದದ್ದು ಗಾಳಿಯೋ ಉಪಕರಣವೋ ಎಂದು ದಾಖಲೆಯಿಂದ ತಿಳಿಯಲಾಗದು.

ಕಾರ್ಯತತ್ತ್ವ

ಬಳಕೆಯಲ್ಲಿರುವ ಬಹುಪಾಲು ವಿಶ್ಲೇಷಕಗಳು ಎನ್‌ಡಿಐಆರ್ ಎಂಬ ಅವಕೆಂಪು ಕಿರಣದ ವಿಧಾನವನ್ನು ಅನುಸರಿಸುತ್ತವೆ. ಇಂಗಾಲದ ಡೈಆಕ್ಸೈಡ್ ಅಣುಗಳು ಸುಮಾರು 4.26 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಕಿರಣವನ್ನು ಬಲವಾಗಿ ಹೀರುತ್ತವೆ. ಕೊಳವೆಯ ಒಂದು ತುದಿಯ ದೀಪದಿಂದ ಹೊರಟ ಕಿರಣವು ಇನ್ನೊಂದು ತುದಿಯ ಸಂವೇದಕವನ್ನು ತಲುಪುವಷ್ಟರಲ್ಲಿ ಎಷ್ಟು ಕುಗ್ಗಿದೆ ಎಂಬುದರಿಂದ ಅನಿಲದ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಆರಂಭಿಸಿದ ಮಾಪನಗಳಿಗೂ ಅವಕೆಂಪು ವಿಶ್ಲೇಷಕವನ್ನೇ ಬಳಸಲಾಗಿತ್ತು. ಆಗ ಸುಮಾರು 315 ಪಿಪಿಎಂ ಇದ್ದ ಪ್ರಮಾಣ ಈಗ 420ನ್ನು ದಾಟಿದೆ. ಇಷ್ಟು ವರ್ಷಗಳ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಸಾಧ್ಯವಾದದ್ದು ಪ್ರಮಾಣಿತ ಅನಿಲಗಳೊಡನೆ ಮತ್ತೆ ಮತ್ತೆ ತಾಳೆ ನೋಡಿದ್ದರಿಂದ.

ಶೂನ್ಯದೋಷ ಮತ್ತು ವ್ಯಾಪ್ತಿದೋಷ

ಮಾಪನಾಂಕ ನಿರ್ಣಯಕ್ಕೆ ಕನಿಷ್ಠ ಎರಡು ಅನಿಲಗಳು ಬೇಕು. ಒಂದು, ಇಂಗಾಲದ ಡೈಆಕ್ಸೈಡ್ ಇಲ್ಲದ ಶೂನ್ಯ ಅನಿಲ. ಇನ್ನೊಂದು, ಪ್ರಮಾಣ ತಿಳಿದಿರುವ ಪ್ರಮಾಣಿತ ಅನಿಲ. ಮೂರನೆಯದೊಂದು ಇದ್ದರೆ ದೋಷದ ಬಗೆ ಸ್ಪಷ್ಟವಾಗುತ್ತದೆ.

ಶೂನ್ಯ ಅನಿಲಕ್ಕೆ 12, 400 ಪಿಪಿಎಂ ಅನಿಲಕ್ಕೆ 412, 800ಕ್ಕೆ 812 ಎಂದು ತೋರಿಸಿದರೆ ಅದು ಶೂನ್ಯದೋಷ. ಎಲ್ಲ ಕಡೆಯೂ ತಪ್ಪು ಒಂದೇ ಅಳತೆಯಲ್ಲಿದೆ. ಶೂನ್ಯಕ್ಕೆ 0, 400ಕ್ಕೆ 380, 800ಕ್ಕೆ 760 ಬಂದರೆ ಅದು ವ್ಯಾಪ್ತಿದೋಷ. ತಪ್ಪು ಎಲ್ಲ ಕಡೆಯೂ ಶೇ. 5ರಷ್ಟಿದೆ. ಶೂನ್ಯವನ್ನು ಮೊದಲು ಸರಿಪಡಿಸಿ, ಅನಂತರವೇ ವ್ಯಾಪ್ತಿಯನ್ನು ಸರಿಪಡಿಸಬೇಕು.

ಸಾಮಾನ್ಯ ದೋಷಗಳು ಮತ್ತು ಪತ್ತೆಯ ಕ್ರಮ

ಅಂಕಿ ತಪ್ಪಿದೆಯೆಂದು ತಿಳಿದೊಡನೆ ಹೊಂದಾಣಿಕೆಗೆ ತೊಡಗುವುದು ಸರಿಯಲ್ಲ. ಕಾರಣ ಉಳಿದಿರುವಾಗ ಅಂಕಿಯನ್ನು ಮಾತ್ರ ತಿದ್ದಿದರೆ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

• ಸೋರಿಕೆ: ಮನುಷ್ಯನ ನಿಶ್ವಾಸದಲ್ಲಿ ಸುಮಾರು ಶೇ. 4ರಷ್ಟು, ಅಂದರೆ 40,000 ಪಿಪಿಎಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಕೊಳವೆಯ ಸಂದುಗಳ ಬಳಿ ಮೆಲ್ಲಗೆ ಉಸಿರು ಬಿಟ್ಟಾಗ ಅಂಕಿ ಜಿಗಿದರೆ ಅಲ್ಲಿ ಸೋರಿಕೆಯಿದೆ.

• ಬಿಸಿಯಾಗದಿರುವುದು: ಉಪಕರಣವನ್ನು ಚಾಲೂ ಮಾಡಿ ಅದರ ಉಷ್ಣತೆ ಸ್ಥಿರವಾಗುವವರೆಗೆ ಅಂಕಿ ಸರಿಯುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಮಾಪನಾಂಕ ನಿರ್ಣಯ ಮಾಡಬಾರದು.

• ಸೋಡಾ ಸುಣ್ಣದ ಸವೆತ: ಗಾಳಿಯನ್ನು ಸೋಡಾ ಸುಣ್ಣದ ಮೂಲಕ ಹಾಯಿಸಿ ಶೂನ್ಯ ಅನಿಲ ಪಡೆಯುವುದುಂಟು. ಸುಣ್ಣ ಸವೆದಿದ್ದರೆ 'ಶೂನ್ಯ'ದಲ್ಲಿಯೂ ಇಂಗಾಲದ ಡೈಆಕ್ಸೈಡ್ ಉಳಿದಿರುತ್ತದೆ. ಹಾಗೆಯೇ ಹೊಂದಿಸಿದರೆ ಮುಂದಿನ ಅಂಕಿಗಳೆಲ್ಲ ಕಡಿಮೆ ಬರುತ್ತವೆ.

• ನೀರಾವಿ: ಗಾಳಿಯಲ್ಲಿ ಶೇ. 2ರಷ್ಟು ನೀರಾವಿ ಬೆರೆತರೆ 420 ಪಿಪಿಎಂ ಸುಮಾರು 412ಕ್ಕೆ ಇಳಿಯುತ್ತದೆ. ಸಿಲಿಂಡರಿನ ಅನಿಲ ಒಣಗಿರುವುದರಿಂದ ಮಾದರಿಯ ಗಾಳಿಯನ್ನೂ ಒಣಗಿಸಬೇಕು, ಇಲ್ಲವೇ ತೇವಾಂಶವನ್ನು ಅಳೆದು ಲೆಕ್ಕದಲ್ಲಿ ಸರಿಪಡಿಸಬೇಕು.

• ಸಿಲಿಂಡರಿನ ಅನಿಲ: ಗಾಳಿಯ ಮಾಪನಕ್ಕೆ ನೈಟ್ರೋಜನ್‌ನಲ್ಲಿ ಬೆರೆಸಿದ ಪ್ರಮಾಣಿತ ಅನಿಲಕ್ಕಿಂತ ಗಾಳಿಯಲ್ಲಿ ಬೆರೆಸಿದ್ದು ಸೂಕ್ತ. ಸಿಲಿಂಡರ್ ಬರಿದಾಗುತ್ತ ಬಂದಾಗ ಒಳಗೋಡೆಗೆ ಅಂಟಿದ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಪ್ರಮಾಣವೇ ಬದಲಾಗಬಹುದು.

ಚಳ್ಳಕೆರೆ–ಮೊಳಕಾಲ್ಮೂರು ಪ್ರದೇಶದ ಸಂದರ್ಭ

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ರಾಜ್ಯದ ಅತ್ಯಂತ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಇಂತಹ ಒಣ ಬಯಲಿನಲ್ಲಿ ಧೂಳು ಮತ್ತು ಬೇಸಗೆಯ ಬಿಸಿ ವಿಶ್ಲೇಷಕಕ್ಕೆ ಮುಖ್ಯ ತೊಡಕುಗಳು. ಶೋಧಕ ಕಟ್ಟಿಕೊಂಡರೆ ಅನಿಲದ ಹರಿವು ಕುಗ್ಗುತ್ತದೆ. ಧೂಳು ಒಳಸೇರಿ ಗಾಜಿನ ಮೇಲೆ ಕುಳಿತರೆ ಕಿರಣ ಮಂಕಾಗುತ್ತದೆ.

ಎತ್ತರದ ಪರಿಣಾಮ ಸುಲಭವಾಗಿ ಕಣ್ಣಿಗೆ ಬೀಳದು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ವಾಯುಒತ್ತಡವು 1013 ಹೆಕ್ಟೋಪಾಸ್ಕಲ್‌ಗೆ ಬದಲಾಗಿ 943ರ ಆಸುಪಾಸಿನಲ್ಲಿರುತ್ತದೆ. ಕೊಳವೆಯಲ್ಲಿ ಅಣುಗಳು ಶೇ. 7ರಷ್ಟು ಕಡಿಮೆಯಿರುವುದರಿಂದ, ಸಮುದ್ರಮಟ್ಟದ ಒತ್ತಡಕ್ಕೆ ಹೊಂದಿಸಿದ, ಒತ್ತಡದ ತಿದ್ದುಪಡಿಯಿಲ್ಲದ ಉಪಕರಣವು 420 ಪಿಪಿಎಂ ಗಾಳಿಯನ್ನು ಸುಮಾರು 390 ಎಂದು ತೋರಿಸಬಹುದು. ಇದು ಕೆಟ್ಟ ಉಪಕರಣದ ಲಕ್ಷಣವಲ್ಲ. ಬಳಸುವ ಸ್ಥಳದಲ್ಲಿಯೇ ಪ್ರಮಾಣಿತ ಅನಿಲದಿಂದ ಹೊಂದಿಸುವುದು ಅಥವಾ ಒತ್ತಡವನ್ನು ಅಳೆದು ತಿದ್ದುವುದು ಇದಕ್ಕೆ ಪರಿಹಾರ. ಹಾಗೆ ಚಳ್ಳಕೆರೆಯಲ್ಲಿ ಹೊಂದಿಸಿದ ಉಪಕರಣವನ್ನು ಇನ್ನೂ ಎತ್ತರದ ಬೆಂಗಳೂರಿಗೆ ಒಯ್ದರೆ ಅಂಕಿ ಮತ್ತೆ ಇಳಿಯುತ್ತದೆ.

ಸ್ವಯಂಚಾಲಿತ ಹೊಂದಾಣಿಕೆಯ ಮಿತಿ

ಅಗ್ಗದ ಸಂವೇದಕಗಳಲ್ಲಿ ಕೆಲವು, ಹಿಂದಿನ ಕೆಲವು ದಿನಗಳಲ್ಲಿ ಕಂಡ ಕನಿಷ್ಠ ಅಂಕಿಯನ್ನೇ ಹೊರಗಾಳಿಯ ಸುಮಾರು 400 ಪಿಪಿಎಂ ಎಂದು ಭಾವಿಸಿ ತಮ್ಮನ್ನು ತಾವೇ ಸರಿಹೊಂದಿಸಿಕೊಳ್ಳುತ್ತವೆ. ಸಂಜೆಯಾದೊಡನೆ ಖಾಲಿಯಾಗುವ ಕಚೇರಿಗೆ ಇದು ಸರಿ. ದಿನವಿಡೀ ಜೀವಿಗಳು ಉಸಿರಾಡುವ ರೇಷ್ಮೆ ಹುಳು ಸಾಕಣೆ ಮನೆಯಲ್ಲಿ ಒಳಗಾಳಿ ಎಂದೂ ಆ ಮಟ್ಟಕ್ಕೆ ಇಳಿಯದಿರಬಹುದು. ಆಗ ಸಂವೇದಕವು ಕೆಟ್ಟ ಗಾಳಿಯನ್ನೇ ಶುದ್ಧ ಗಾಳಿಯೆಂದು ತಿಳಿಯುತ್ತದೆ. ಇಂಗಾಲದ ಡೈಆಕ್ಸೈಡ್ ಶೇ. 2ನ್ನು, ಅಂದರೆ 20,000 ಪಿಪಿಎಂ ಅನ್ನು ಮೀರಿದರೆ ಹುಳುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಆದುದರಿಂದ ಇಂತಹ ಕಡೆ ಸ್ವಯಂಚಾಲಿತ ಹೊಂದಾಣಿಕೆಯನ್ನು ನಿಲ್ಲಿಸಿ, 2,000 ಅಥವಾ 5,000 ಪಿಪಿಎಂಗೆ ನಿಲ್ಲದ ಹೆಚ್ಚಿನ ವ್ಯಾಪ್ತಿಯ ಸಂವೇದಕವನ್ನು ಆರಿಸಿಕೊಳ್ಳಬೇಕು.

ದಾಖಲೆ

ಪ್ರತಿ ಬಾರಿಯೂ ದಿನಾಂಕ, ಉಷ್ಣತೆ, ವಾಯುಒತ್ತಡ, ಸಿಲಿಂಡರಿನ ಸಂಖ್ಯೆ, ಹೊಂದಿಸುವ ಮುನ್ನ ಮತ್ತು ಹೊಂದಿಸಿದ ನಂತರದ ಅಂಕಿಗಳನ್ನು ಬರೆದಿಡಲಾಗುತ್ತದೆ. ಇವುಗಳಲ್ಲಿ ಮುನ್ನಿನ ಅಂಕಿ ಮುಖ್ಯವಾದುದು; ಹಿಂದಿನ ಮಾಪನಗಳು ಎಷ್ಟು ತಪ್ಪಿದ್ದವೆಂದು ಅಂದಾಜಿಸಿ ಅವುಗಳನ್ನು ತಿದ್ದಲು ಅದೊಂದೇ ಆಧಾರ.