ನನಗೆ ಅನ್ನಿಸಿದ್ದು

ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ರಾಣಿ ಗರ್ಟ್ರೂಡ್ ಮಗನ ಪ್ರಶ್ನೆಗೆ ಉತ್ತರಿಸುತ್ತ ಮಾತಿನ ಕೊನೆಗೆ ‘ಮಿಥಿಂಕ್ಸ್’ ಎನ್ನುತ್ತಾಳೆ. ‘ಐ ಥಿಂಕ್’ ಅನ್ನುವುದರ ಹಳೆಯ ರೂಪ ಅದು ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಆದರೆ ‘ಐ’ ಇರಬೇಕಾದಲ್ಲಿ ‘ಮಿ’ ಯಾಕೆ ಬಂತು, ಥಿಂಕ್‌ಗೆ ‘ಸ್’ ಯಾಕೆ ಅಂಟಿತು ಎಂಬ ಕಸಿವಿಸಿ ಬಹಳ ದಿನ ಉಳಿದಿತ್ತು.

ಹಳೆಯ ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದಗಳಿದ್ದವು. ಒಂದು ‘ಥೆಂಚನ್’, ಅಂದರೆ ಯೋಚಿಸು. ಇನ್ನೊಂದು ‘ಥ್ಯುಂಚನ್’, ಅಂದರೆ ತೋರು. ದನಿಯಲ್ಲಿ ಅಕ್ಕತಂಗಿಯರಂತಿದ್ದ ಇವು ಮುಂದೆ ಬೆರೆತುಹೋಗಿ, ತೋರುವ ಕ್ರಿಯಾಪದ ಯೋಚಿಸುವುದರೊಳಗೆ ಕರಗಿತು. ‘ಮಿಥಿಂಕ್ಸ್’ನಲ್ಲಿ ಮಾತ್ರ ಅದು ಬಹುಕಾಲ ಉಸಿರಾಡಿತು. ಅಲ್ಲಿನ ‘ಮಿ’ ಎಂದರೆ ‘ನನ್ನನ್ನು’ ಅಲ್ಲ, ‘ನನಗೆ’. ನಮ್ಮ ಚತುರ್ಥಿ ವಿಭಕ್ತಿಯೇ! ನನಗೆ ತೋರುತ್ತದೆ, ನನಗೆ ಅನಿಸುತ್ತದೆ.

ಇದು ತಿಳಿದ ದಿನ ದೂರದೂರಿನಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಯಿತು. ನಮ್ಮ ಭಾಷೆಗೂ ಇಂಗ್ಲಿಷಿಗೂ ಮೂಲದ ನಂಟಿಲ್ಲ, ಆದರೂ ಅನಿಸಿಕೆಯನ್ನು ಹೇಳುವ ಬಗೆ ಒಂದೇ. ಆ ಕಾಲದ ಇಂಗ್ಲಿಷರಿಗೆ ಹಸಿವೂ ಹೀಗೆಯೇ ಆಗುತ್ತಿತ್ತು. ಇಂದಿನ ‘ಲೈಕ್’ ಕೂಡ ಮೊದಲಿಗೆ ‘ಹಿಡಿಸು’ ಎಂದಿತ್ತು. ಊಟ ನಮಗೆ ಹಿಡಿಸುವಂತೆ ಅವರಿಗೂ ಹಿಡಿಸುತ್ತಿತ್ತು. ಜರ್ಮನ್ ಭಾಷೆ ‘ಡೆಂಕನ್’, ‘ಡ್ಯುಂಕನ್’ ಎಂದು ಯೋಚಿಸು, ತೋರು ಎರಡನ್ನೂ ಬೇರೆಬೇರೆಯಾಗಿ ಉಳಿಸಿಕೊಂಡಿದೆ.

‘ಮಿಥಿಂಕ್ಸ್’ನ ಭೂತಕಾಲ ‘ಮಿಥಾಟ್’. ಕಣ್ಣು ಕಳೆದುಕೊಂಡ ಮಿಲ್ಟನ್, ತೀರಿಹೋದ ಹೆಂಡತಿಯನ್ನು ಕನಸಿನಲ್ಲಿ ಕಂಡು ಬರೆದ ಸಾನೆಟ್ 1673ರಲ್ಲಿ ಅಚ್ಚಾಯಿತು. ಅದು ತೊಡಗುವುದೇ ಈ ಪದದಿಂದ. ಅಲ್ಲಿ ‘ಐ ಥಾಟ್’ ಎಂದಿಟ್ಟರೆ ಕವಿತೆ ಕೆಟ್ಟೇ ಹೋಗುತ್ತದೆ. ಕನಸನ್ನು ಯಾರೂ ಯೋಚಿಸಿ ಕಾಣುವುದಿಲ್ಲ, ಅದು ತಾನಾಗಿ ಬೀಳುತ್ತದೆ. ಹೆಂಡತಿ ಬಂದಂತೆ ಆ ಕುರುಡನಿಗೆ ತೋರಿತು, ಅಷ್ಟೇ.

ಇಂಗ್ಲಿಷ್ ಕಳೆದುಕೊಂಡದ್ದು ನಮ್ಮ ಬಾಯಲ್ಲಿ ಇನ್ನೂ ಇದೆ. ಯೋಚಿಸುವುದು ನಮ್ಮ ಕೆಲಸ, ಅನಿಸುವುದು ನಮಗೆ ಆಗುವಂಥದ್ದು; ಈ ವ್ಯತ್ಯಾಸ ಕನ್ನಡದ ಮಗುವಿಗೂ ಗೊತ್ತು. ಆದರೆ ಈಚಿನ ಅನುವಾದಗಳಲ್ಲಿ, ಡಬ್ ಆದ ಸಿನಿಮಾಗಳಲ್ಲಿ ‘ಅವನು ಬರುತ್ತಾನೆಂದು ನಾನು ಯೋಚಿಸುತ್ತೇನೆ’ ಎಂಬಂಥ ಮಾತು ಕಿವಿಗೆ ಬೀಳುತ್ತಿದೆ. ಕೇಳಿದಾಗ ಸಂಕಟವಾಗುತ್ತದೆ. ಅನುವಾದಕರೇ, ದಯವಿಟ್ಟು ಅಲ್ಲಿ ‘ಅವನು ಬರುತ್ತಾನೆ ಅನಿಸುತ್ತೆ’ ಎಂದು ಬರೆಯಿರಿ.