ಖಡ್ಗಕೊಕ್ಕಿನ ಹಮ್ಮಿಂಗ್‌ಬರ್ಡ್

ವೈಜ್ಞಾನಿಕ ಹೆಸರು: ಎನ್ಸಿಫೆರಾ ಎನ್ಸಿಫೆರಾ
ನೆಲೆ: ವೆನೆಜುವೆಲಾದಿಂದ ಬೊಲಿವಿಯಾವರೆಗಿನ ಆಂಡಿಸ್ ಪರ್ವತಗಳ ಮಂಜು ಮುಸುಕಿದ ಕಾಡುಗಳು

ಬಾಲ ಬಿಟ್ಟು ಅಳೆದರೆ, ಮೈಗಿಂತ ಕೊಕ್ಕೇ ಉದ್ದವಾಗಿರುವ ಹಕ್ಕಿ ಜಗತ್ತಿನಲ್ಲಿ ಇದೊಂದೇ. ತೂಕ 10ರಿಂದ 15 ಗ್ರಾಂ ಅಷ್ಟೆ. ಕೊಕ್ಕು ಮಾತ್ರ 8 ಸೆಂ.ಮೀ. ದಾಟುತ್ತದೆ.

ಇಷ್ಟುದ್ದದ ಕೊಕ್ಕು ಏಕೆ? ಉತ್ತರ ಹೂವಿನಲ್ಲಿದೆ. ಪ್ಯಾಶನ್ ಫ್ರೂಟ್‌ನ ಸಂಬಂಧಿಯಾದ ಪ್ಯಾಸಿಫ್ಲೋರಾ ಮಿಕ್ಸ್ಟಾ ಬಳ್ಳಿಯ ಹೂವು ಉದ್ದನೆಯ ಕೊಳವೆಯಂತಿದ್ದು, ಮಕರಂದ ಅದರ ತಳದಲ್ಲಿರುತ್ತದೆ. ಬೇರೆ ಹಕ್ಕಿಗಳಿಗೆ ಅದು ನೇರವಾಗಿ ಎಟುಕದು. ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಈ ಹಕ್ಕಿ ಕೊಕ್ಕನ್ನು ಒಳಗೆ ತೂರಿಸಿದಾಗ ಪರಾಗ ಅದರ ತಲೆಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಪರಾಗಸ್ಪರ್ಶಕ್ಕೆ ಬಳ್ಳಿ ಬಹುಮಟ್ಟಿಗೆ ಇದನ್ನೇ ನಂಬಿದೆ. ಹೂವಿನ ಬುಡಕ್ಕೇ ತೂತು ಕೊರೆದು ಮಕರಂದ ಕದಿಯುವ ಗಿಡ್ಡ ಕೊಕ್ಕಿನ ಹಕ್ಕಿಗಳೂ ಈ ಕಾಡಿನಲ್ಲಿವೆ, ಅವುಗಳಿಂದ ಹೂವಿಗೆ ಅಂಥ ಲಾಭವಿಲ್ಲ!

ಉದ್ದ ಕೊಕ್ಕಿನ ಫಜೀತಿಯೂ ಉಂಟು. ಅದರಿಂದ ಗರಿ ತೀಡಿಕೊಳ್ಳಲು ಆಗುವುದಿಲ್ಲ. ಆ ಕೆಲಸ ಕಾಲಿನದು. ಕೊಂಬೆಯ ಮೇಲೆ ಕುಳಿತಾಗ ಕುತ್ತಿಗೆಗೆ ಭಾರವಾಗದಂತೆ ಕೊಕ್ಕನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ.

ಗಮನಿಸಿ: ಹಮ್ಮಿಂಗ್‌ಬರ್ಡ್‌ಗಳು ಇಂದು ಕಾಡಿನಲ್ಲಿ ಬದುಕಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಹಿತ್ತಲಿನ ದಾಸವಾಳಕ್ಕೆ ಬರುವುದು ಸೂರಕ್ಕಿ. ಮಕರಂದ ಹೀರಿದರೂ ಅದರ ಕುಟುಂಬವೇ ಬೇರೆ.